ಕಂಬಳಿ ಮೇಲೆ ಕೂತು ಹೇಳಿದವಳು

ಆಕೆ ಸತ್ತ ದಿನ ಮೊಳಕಾಲ್ಮೂರಿನಲ್ಲಿ ಫುಟ್ಬಾಲ್ ಆಡಲಿಲ್ಲ. ಹುಡುಗರು ಕ್ಲಬ್ಬಿನ ಅಂಗಿ ಹಾಕಿಕೊಂಡೇ ಹೆಗಲು ಕೊಟ್ಟರು. ಗೋಲು ಕಾಯುವ ಸಿದ್ದಾಪುರದವನು ಕುರಿಗಳನ್ನು ಗುಡ್ಡದಲ್ಲೇ ಬಿಟ್ಟು ಬಂದು, ಅಷ್ಟೆತ್ತರದ ಗಂಡಸು, ಬೀದಿಯಲ್ಲಿ ನಿಂತು ಅತ್ತ. ನಾನು ನಮ್ಮ ಜಗಲಿ ಮೇಲೆ ಕೂತು ನೋಡಿದೆ. ಹೊಟ್ಟೆ ಉರಿಯಿತು. ಆಕೆ ಬದುಕಿದ್ದಾಗ ಪಟ್ಟ ಹೊಟ್ಟೆಕಿಚ್ಚನ್ನು ಸತ್ತಳು ಎಂಬ ಕಾರಣಕ್ಕೆ ಬಿಡಲು ನನಗೆ ಬರುವುದಿಲ್ಲ.

ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಆಕೆ ಪಿನ್ನಿ. ನೇಕಾರರ ತೆಲುಗು ಮನೆಗಳಲ್ಲಿ ಚಿಕ್ಕಮ್ಮನನ್ನು ಹಾಗೆ ಕರೆಯುತ್ತಾರೆ. ಆಕೆಯನ್ನು ತೆಲುಗು ಬಾರದ ಹುಡುಗರೂ ಪಿನ್ನಿ ಅನ್ನುತ್ತಿದ್ದರು, ಮಾರ್ಕೆಟ್ಟಿನ ಸಾಬರ ಹುಡುಗರೂ ಅನ್ನುತ್ತಿದ್ದರು. ನಾನು ಆಕೆಗಿಂತ ಸ್ವಲ್ಪವೇ ದೊಡ್ಡವಳು. ಆದರೂ ಆಕೆ ಚಿಕ್ಕಮ್ಮ, ನಾನು ಕಂಬಳಿ ಅಜ್ಜಿ.

ನನ್ನ ತವರು ಚಳ್ಳಕೆರೆ ತಾಲ್ಲೂಕು, ಪರಶುರಾಂಪುರದ ಕಡೆ. ಕುರಿ, ಉಣ್ಣೆ, ಕಂಬಳಿ ಬಿಟ್ಟರೆ ನಮಗೆ ಬೇರೆ ಗೊತ್ತಿರಲಿಲ್ಲ. ಗಂಡ ಮೊಳಕಾಲ್ಮೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಬಳಿ ಮಾರುತ್ತಿದ್ದ. ಬಾಡಿಗೆಗೆ ಸಿಕ್ಕ ಮನೆ ನೇಕಾರರ ಬೀದಿಯಲ್ಲಿತ್ತು, ಆಕೆಯ ಗೋಡೆಗೆ ಗೋಡೆ. ಹೊಸದಾಗಿ ಬಂದಾಗ ನಾನೂ ರೇಷ್ಮೆ ಕೆಲಸ ಕಲಿಯಲು ಹೋದೆ. ಮೊಳಕಾಲ್ಮೂರು ಸೀರೆಗೆ ಮಗ್ಗದಲ್ಲಿ ಇಬ್ಬರು ಕೂರಬೇಕು. ಒಬ್ಬರು ಒಡಲು ನೇಯುತ್ತಾರೆ, ಇನ್ನೊಬ್ಬರು ಪಕ್ಕದಲ್ಲಿ ಕೂತು ಅಂಚಿನ ಲಾಳಿ ದಾಟಿಸುತ್ತಾರೆ. ಆಕೆ ಗಂಡನ ಪಕ್ಕ ಕೂತು ಲಾಳಿ ದಾಟಿಸುವುದನ್ನು ನೋಡಿ ಇದೇನು ಮಹಾ ಅಂದುಕೊಂಡೆ. ಕೂತರೆ ಎಳೆಗಳೆಲ್ಲ ನನ್ನ ಅಂಗೈಗೆ ಸಿಕ್ಕಿಕೊಂಡವು. ಉಣ್ಣೆ ಎಳೆದ ಕೈ, ತೊಗಟೆಯ ಹಾಗಿತ್ತು.

"ನಿನ್ ಕೈಯಾಗೆ ಮುಳ್ಳೈತೆ ಕಣಕ್ಕ. ನೀನು ಆಚೆ ಕೂತ್ಕಂಡು ಮಾತಾಡು ಸಾಕು" ಎಂದು ನಕ್ಕಳು.

ನನ್ನ ಗಂಡನೂ ನಕ್ಕ. ಮನೆಗೆ ಬಂದ ಮೇಲೆ, "ಆಕಿ ನಗದು ನೋಡು, ಮುಖ ಎಲ್ಲ ನಗ್ತೈತೆ. ನೀನೂ ಒಂದಿಷ್ಟು ಕಲ್ತ್ಕ" ಅಂದ. ಆ ದಿನ ಅವನ ಸಾರಿಗೆ ಉಪ್ಪು ಹಾಕಲಿಲ್ಲ.

ಫುಟ್ಬಾಲಿಗೂ ಆಕೆಗೂ ನಂಟು ಬೆಳೆದದ್ದು ಹೀಗೆ. ನಮ್ಮಲ್ಲಿ ಬೆಳಿಗ್ಗೆ ಹೊತ್ತು ರೇಷ್ಮೆಯ ಹಾಸನ್ನು, ಅಂದರೆ ಮಗ್ಗಕ್ಕೆ ಏರಿಸುವ ಉದ್ದೆಳೆಗಳನ್ನು, ಬೀದಿಯುದ್ದಕ್ಕೆ ಬಿಗಿದು ಎಳೆ ಸರಿ ಮಾಡುತ್ತಾರೆ. ಬೀದಿ ಸಾಲದಿದ್ದರೆ ಹಿಂದಿನ ಮೈದಾನದ ಅಂಚಿಗೆ ಹೋಗುತ್ತಾರೆ. ಒಂದು ದಿನ ಹುಡುಗರು ಒದ್ದ ಚೆಂಡು ಆಕೆಯ ಹಾಸಿನ ಮೇಲೆ ಬಿತ್ತು. ಎಳೆಗಳು ಕಿತ್ತುಹೋದವು. ಹುಡುಗರು ಓಡಲು ತಯಾರಾಗಿ ನಿಂತರು. ಆಕೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು, "ಬರ್ರಿ ಇಲ್ಲಿ, ಈ ತುದಿ ಹಿಡೀರಿ. ನಾನು ಎಳೆ ಕೂಡಿಸೋ ತನಕ ಅಲ್ಲಾಡಿದ್ರೆ ಚೆಂಡು ಸಿಗಲ್ಲ" ಎಂದಳು. ಬಿಸಿಲು ನೆತ್ತಿಗೆ ಬರುವವರೆಗೆ ಹಿಡಿಸಿದಳು. ಮಾರನೆಯ ದಿನ ಅವರೇ ಬಂದು, "ಪಿನ್ನಿ, ಹಾಸು ಐತಾ?" ಎಂದು ಕೇಳಿದರು. ಆಮೇಲೆ ಆಕೆ ಆಟ ನೋಡಲು ಹೋದಳು. ಆಮೇಲೆ ಕ್ಲಬ್ಬೇ ಆಕೆಯದಾಯಿತು.

ನಮ್ಮ ಅಂಗಳಕ್ಕೂ ಒಂದು ಸಲ ಚೆಂಡು ಬಂದಿತ್ತು. ಒಲೆ ಮೇಲಿನ ಗಡಿಗೆ ಉರುಳಿತು. ನಾನು ಕುಡುಗೋಲು ತಂದು ಚೆಂಡು ಕೊಯ್ದೆ. ಇವತ್ತಿಗೂ ಕೊಯ್ಯುತ್ತೇನೆ, ಗಡಿಗೆ ಪುಕ್ಕಟೆ ಬರುವುದಿಲ್ಲ. ಆದರೆ ಅದನ್ನು ಊರು ಮರೆಯಲಿಲ್ಲ.

ಆಟ ಆಕೆಗೆ ಕಡೆಯವರೆಗೂ ತಿಳಿಯಲಿಲ್ಲ. ಅರ್ಧ ಆಟ ಮುಗಿದ ಮೇಲೆ ಎರಡೂ ತಂಡದವರು ಜಾಗ ಬದಲಿಸುತ್ತಾರೆ ಎನ್ನುವುದು ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ. ನಮ್ಮವರೇ ಗೋಲು ಹೊಡೆದಾಗ ಎದ್ದು ನಿಂತು ಬೈದಿದ್ದಾಳೆ.

"ಒರೇಯ್, ಅಕ್ಕಡ ಎಂದುಕುರಾ ಕೊಟ್ಟಾವು? ಆ ಕಡೆ ಯಾಕೋ ಒದ್ದೆ?"

"ಪಿನ್ನಿ, ಗೋಲ್ ಹೊಡ್ದಿದ್ದು ನಾವೇ."

"ಹಂಗಾರೆ ಸರಿ ಬಿಡು. ಮೊದ್ಲೇ ಹೇಳ್ಬಾರ್ದೇನು."

ಮೈದಾನವೆಲ್ಲ ನಗುತ್ತಿತ್ತು. ಎದುರು ಊರಿನ ಆಟಗಾರರೂ ನಗುತ್ತಿದ್ದರು. ನಾನು ಅದೇ ಮೈದಾನದ ಬಾಗಿಲಲ್ಲಿ ಬೇಯಿಸಿದ ಶೇಂಗಾ ಮಾರುತ್ತಿದ್ದೆ. ಕೂತು ಕೂತು ನನಗೆ ಆಟವೆಲ್ಲ ತಿಳಿದಿತ್ತು. ಆಫ್‌ಸೈಡ್ ಯಾವಾಗ, ಪೆನಾಲ್ಟಿ ಯಾವಾಗ, ಎಲ್ಲ. ಯಾರೂ ನನ್ನನ್ನು ಕೇಳಲಿಲ್ಲ. ಆಕೆಗೆ ಶಾಮಿಯಾನದ ಕೆಳಗೆ ಕುರ್ಚಿ, ನನಗೆ ಬಿಸಿಲು.

ಕ್ಲಬ್ಬು ಗೆಲ್ಲುತ್ತಾ ಹೋಯಿತು. ಚಳ್ಳಕೆರೆಯವರನ್ನು ಅವರ ಊರಲ್ಲೇ ಸೋಲಿಸಿ ಬಂದ ಮೇಲೆ ಹುಡುಗರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೈದಾನಕ್ಕೆ ಗೋಡೆ ಕಟ್ಟಿಸಬೇಕು, ಗ್ಯಾಲರಿ ಕಟ್ಟಿಸಬೇಕು ಎಂದು ಕ್ಲಬ್ಬಿನ ಕಾರ್ಯದರ್ಶಿ ಹೊರಟ. ಮೊಬೈಲ್ ಅಂಗಡಿಯವನು, ಮಾತು ಚೆನ್ನಾಗಿ ಬಲ್ಲವನು. ಊಟದ ಹೊತ್ತಿಗೆ ಸರಿಯಾಗಿ ಪಿನ್ನಿಯ ಮನೆಗೆ ಬರುತ್ತಿದ್ದ, ಆಕೆ ಬಡಿಸುತ್ತಿದ್ದಳು. ಅವನು ಲಕ್ಕಿ ಡ್ರಾ ಮಾಡಿಸೋಣ ಅಂದ. ನೇಕಾರರು ಮನೆಗೊಂದು ಸೀರೆ ಕೊಡಬೇಕು, ಅವೇ ಬಹುಮಾನ. ಚೀಟಿಗಳನ್ನು ನಮ್ಮೂರಲ್ಲೂ ಚಳ್ಳಕೆರೆಯಲ್ಲೂ ಮಾರಿದರು. ಸೀರೆಗಳು ಪಿನ್ನಿಯ ಮನೆಯಲ್ಲಿ ಸೇರಿದವು. ಆಕೆ ಮತ್ತು ಗಂಡ ನೇಯ್ದ ಸೀರೆ ಕೆಂಪೊಡಲಿನದು, ಹಸಿರು ಅಂಚಿನದು, ಕ್ಲಬ್ಬಿನ ಬಣ್ಣ.

ನಾನೂ ಒಂದು ಕಂಬಳಿ ಕೊಡಲು ಹೋದೆ. ತವರಿನದು, ಕರಿ ಉಣ್ಣೆಯದು, ನಮ್ಮಣ್ಣ ನೇಯ್ದದ್ದು. ಕಾರ್ಯದರ್ಶಿ ಮುಟ್ಟಿ ನೋಡಿ, "ಈ ಬಿಸ್ಲಾಗೆ ಕಂಬ್ಳಿ ಗೆದ್ದೋನು ನಮ್ಮನ್ನ ಬಡೀತಾನಜ್ಜಿ" ಎಂದು ವಾಪಸ್ ಕೊಟ್ಟ. ಹುಡುಗರು ನಕ್ಕರು. ನಗದೆ ಇದ್ದವಳು ಆಕೆ ಒಬ್ಬಳು. ಅದಕ್ಕೂ ನನಗೆ ಸಿಟ್ಟು ಬಂತು.

ಒಂದು ಮಧ್ಯಾಹ್ನ ಕಾರ್ಯದರ್ಶಿ ಆಟೋ ತಂದು, ಬರುವ ಭಾನುವಾರ ಡ್ರಾ ಎಂದು ಹೇಳಿ, ಸೀರೆಗಳನ್ನೆಲ್ಲ ಪಿನ್ನಿಯ ಮನೆಯಿಂದ ತುಂಬಿಕೊಂಡು ಹೋದ. ನಾನೂ ಜಗಲಿಯಿಂದ ನೋಡಿದೆ. ಆ ಭಾನುವಾರ ಡ್ರಾ ಆಗಲಿಲ್ಲ. ಮುಂದೆಯೂ ಆಗಲಿಲ್ಲ. ಗ್ಯಾಲರಿಯ ಜಾಗದಲ್ಲಿ ಜಾಲಿ ಬೆಳೆಯಿತು. ಚೀಟಿ ಕೊಂಡಿದ್ದ ಚಳ್ಳಕೆರೆಯವರು ಯಾರೋ ದೂರು ಕೊಟ್ಟರು. ತನಿಖೆ ಎಂದು ಜೀಪು ಬಂತು.

ಆಗ ನೋಡಬೇಕಿತ್ತು ಊರನ್ನು. ಟೀ ಅಂಗಡಿಯವನು ಆಫೀಸರಿಗೆ ಹಾಲು ಮುಗಿದಿದೆ ಅಂದ. ಕಾರ್ಯದರ್ಶಿ, ನೇಕಾರರು ಸೀರೆ ಕೊಡುತ್ತೇವೆ ಎಂದಿದ್ದರು, ಕೊಡಲೇ ಇಲ್ಲ, ಅದಕ್ಕೇ ಡ್ರಾ ನಿಂತಿದೆ ಎಂದು ಹೇಳಿಬಿಟ್ಟ. ಸೀರೆ ಕೊಟ್ಟವರು ಏನು ಮಾಡಬೇಕಿತ್ತು? ಜಗಳಕ್ಕೆ ಹೋಗಬೇಕಿತ್ತು. ಅವರು, ಹೌದು ಸಾರ್, ನಾವು ಕೊಟ್ಟೇ ಇಲ್ಲ ಅಂದರು. ದಿನಗಟ್ಟಲೆ ಮಗ್ಗದ ಗುಣಿಯಲ್ಲಿ ಕಾಲಿಟ್ಟು ನೇಯ್ದ ಸೀರೆಯನ್ನು ನೇಯಲೇ ಇಲ್ಲ ಅಂದರು. ಕ್ಲಬ್ಬು ಉಳಿಯಬೇಕಲ್ಲ.

"ಸೀರೆ ಎಲ್ಲಿಗ್ ಹೋದಾವು, ಕ್ಲಬ್ಬಿಗೇ ಹಾಕಿರ್ತಾನೆ. ಕೇಸ್ ಮಾಡ್ಸಿರೋದು ಚಳ್ಳಕೆರೆಯೋರು. ಆಟದಾಗೆ ಆಗ್ಲಿಲ್ಲ, ಕಾಗದದಾಗೆ ಸೋಲಿಸ್ತಾರೆ" ಎಂದು ಒಬ್ಬ ಹುಡುಗ ನನ್ನ ಶೇಂಗಾ ತಿನ್ನುತ್ತಲೇ ನನ್ನ ಕಡೆ ನೋಡಿದ. "ನಿಮ್ ತವರಿನೋರ ಕೆಲ್ಸ ನೋಡಜ್ಜಿ."

"ನಮ್ ತವರಿನೋರಿಗೆ ಕುರಿ ಕಾಯೋದ್ರಾಗೆ ಪುರ್ಸೊತ್ತಿಲ್ಲ, ನಿಮ್ ಚೆಂಡು ಯಾರಿಗ್ ಬೇಕೋ" ಅಂದೆ. ಅವತ್ತಿನಿಂದ ಶೇಂಗಾ ವ್ಯಾಪಾರ ಬಿತ್ತು.

ಎಲ್ಲರಿಗಿಂತ ಹೆಚ್ಚು ಆಟ ಕಟ್ಟಿದವಳು ಪಿನ್ನಿ. ಆಫೀಸರು ಬಾಗಿಲಿಗೆ ಬಂದಾಗ ಬೀದಿಯೆಲ್ಲ ಸೇರಿತ್ತು. ಆಕೆ ಸೆರಗು ಹೊದ್ದು ಮುಗ್ಧೆಯ ಹಾಗೆ ನಿಂತು, "ಮಾಕು ಕನ್ನಡ ರಾದು ಸಾರ್" ಅಂದಳು. ನಮಗೆ ಕನ್ನಡ ಬರುವುದಿಲ್ಲ ಎಂದು. ನನ್ನನ್ನು ದಿನಾ ಕನ್ನಡದಲ್ಲಿ ಕೆಣಕುವವಳು.

ಆಫೀಸರು, "ಅಯಿತೇ ತೆಲುಗುಲೋನೇ ಚೆಪ್ಪು ತಲ್ಲಿ. ಮಾದಿ ರಾಯದುರ್ಗಮೇ" ಅಂದರು. ಹಾಗಾದರೆ ತೆಲುಗಿನಲ್ಲೇ ಹೇಳು ತಾಯಿ, ನಮ್ಮದು ಆಂಧ್ರದ ರಾಯದುರ್ಗವೇ ಎಂದು. ಆಕೆ ಗಪ್ಪನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ನಗು ಕೇಳಿಸುತ್ತಿತ್ತು. ಹುಡುಗರು ಆ ಮಾತನ್ನು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದರು.

ಆದರೆ ಆಕೆಗೆ ಒಳಗೆ ಹುಳ ಕೊರೆಯುತ್ತಿತ್ತು. ಲಾಳಿ ದಾಟಿಸುವ ಸದ್ದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತಿತ್ತು. ಆ ದಿನಗಳಲ್ಲಿ ಅದು ನಡುನಡುವೆ ನಿಲ್ಲುತ್ತಿತ್ತು. ಒಂದು ದಿನ ಬಂದು, "ಅಕ್ಕ, ನಿಮ್ ಕಡೆ ನ್ಯಾಯ ಹೆಂಗ್ ಮಾಡ್ತಾರೆ? ಕಂಬ್ಳಿ ಹಾಸ್ತಾರೆ ಅಂತಿದ್ಯಲ್ಲ" ಎಂದು ಕೇಳಿದಳು.

ಹಾಸುತ್ತಾರೆ. ಕರಿ ಉಣ್ಣೆಯ ಕಂಬಳಿಯನ್ನು ನೆಲಕ್ಕೆ ಹಾಸಿದರೆ ನಮಗೆ ಅದು ಗದ್ದಿಗೆ. ಚಪ್ಪಲಿ ಬಿಟ್ಟು ಅದರ ಮೇಲೆ ಕೂತವನು ಸುಳ್ಳು ಹೇಳುವುದಿಲ್ಲ. ಹೇಳಿದರೆ ಏನಾಗುತ್ತದೆ ಎಂದು ಯಾರೂ ಹೇಳಿಲ್ಲ, ಏಕೆಂದರೆ ಯಾರೂ ಹೇಳಿ ನೋಡಿಲ್ಲ.

"ಕೋರ್ಟು ಕಚೇರಿ ನಮಗೆ ಬ್ಯಾಡ. ಕಾರ್ಯದರ್ಶಿ ಹುಡ್ಗ ಕಂಬ್ಳಿ ಮೇಲೆ ಕೂತು ಸೀರೆ ತಿಂದಿಲ್ಲ ಅನ್ಲಿ. ಆಮೇಲೆ ಜೀಪ್ ಬಂದ್ರೆ ನಾನೇ ಕಲ್ಲೊಗೀತೀನಿ. ನಿನ್ ಕಂಬ್ಳಿ ಕೊಡು."

"ನನ್ ಕಂಬ್ಳಿ ಬ್ಯಾಡ ಅಂದೋರು ಅವ್ರೇ ಅಲ್ವಾ. ಅಂಗಡಿಯಾಗಿಂದ ತರ್ಸು."

"ಅಂಗಡಿದು ಮಿಲ್ಲಿಂದು ಅಕ್ಕ, ಅದ್ಕೆ ಕುರಿ ಗೊತ್ತಿಲ್ಲ. ನಿಂದು ಕೊಡು."

ಕೇಳುವಾಗಲೇ ಕೈ ಚಾಚಿ ನಿಂತಿರುತ್ತಿದ್ದಳು, ಆಗಲೇ ಕೊಟ್ಟಾಗಿದೆ ಎನ್ನುವ ಹಾಗೆ. ಕೊಟ್ಟೆ.

ಭಾನುವಾರ ಸಂಜೆ ಆಟ ಮುಗಿದ ಮೇಲೆ ಮೈದಾನದ ನಡುವೆ ಹಾಸಿದರು. ಊರ ಗಂಡಸರೆಲ್ಲ ಇದ್ದರು. ನನ್ನ ಕಂಬಳಿ, ನಮ್ಮ ಕಡೆಯ ಪದ್ಧತಿ, ಆದರೆ ಎಲ್ಲರೂ "ಪಿನ್ನಿ ನ್ಯಾಯ" ಎಂದು ಕರೆದರು. ನನ್ನನ್ನು ಮುಂದಕ್ಕೆ ಬಾ ಎಂದವರಿಲ್ಲ. ಹೆಂಗಸರ ಹಿಂದೆ ನಿಂತು ನೋಡಿದೆ.

ಕಾರ್ಯದರ್ಶಿ ಬಂದ. ನಗುತ್ತಲೇ ಬಂದ. ಕಂಬಳಿಯ ಅಂಚಿಗೆ ಬಂದು ನಿಂತ.

"ಚಪ್ಲಿ ಬಿಟ್ಟು ಕೂತ್ಕಳಪ್ಪ. ಕೂತ್ಕಂಡು ಹೇಳು" ಅಂದಳು ಪಿನ್ನಿ.

"ಪಿನ್ನಿ, ಇದೆಲ್ಲ ಯಾಕೆ ಈ ಕಾಲದಾಗೆ? ನಿನ್ ಮನ್ಯಾಗೆ ಉಂಡೋನು ನಾನು. ನನ್ ಮಾತ್ ಸಾಕಾಗಲ್ವಾ?" ಅಂದ. ಹುಡುಗರ ಕಡೆ ತಿರುಗಿ, "ಏನ್ರೋ ಲೇ, ಸಾಕಾಗಲ್ವಾ?" ಅಂದ.

ಸಾಕು ಸಾಕು ಎಂದು ಮೈದಾನವೆಲ್ಲ ಕೂಗಿತು. ಸೀಟಿ ಹೊಡೆದರು. ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ನ್ಯಾಯ ಮುಗಿಯಿತು ಎಂದು ಹೊರಟರು. ಅವನು ಕಂಬಳಿಗೆ ಕಾಲು ಸೋಕಿಸಲಿಲ್ಲ. ಎಲ್ಲರಿಗೂ ಕಂಡಿತ್ತು. ಕಂಡದ್ದು ಬೇಡವಾಗಿತ್ತು.

ಪಿನ್ನಿ ಚಪ್ಪಾಳೆ ತಟ್ಟಲಿಲ್ಲ. ಜನ ಹೋದ ಮೇಲೂ ಕಂಬಳಿಯನ್ನೇ ನೋಡುತ್ತಾ ನಿಂತಿದ್ದಳು. ಮಡಿಸಿಕೊಂಡು ಹೋಗಲು ನಾನು ಬಂದರೆ, "ಇರ್ಲಿ ಅಕ್ಕ, ಇನ್ನೂ ಕೆಲ್ಸ ಐತೆ" ಎಂದು ತನ್ನ ಮನೆಗೆ ಒಯ್ದಳು.

ಮುಂದಿನ ಸಲ ಜೀಪು ಬಂದಾಗ ಆಕೆಯೇ ಆಫೀಸರನ್ನು ಕರೆದಳು. ಮಗ್ಗದ ಮುಂದೆ ಕಂಬಳಿ ಹಾಸಿ, ಚಪ್ಪಲಿ ಬಾಗಿಲಾಚೆ ಬಿಟ್ಟು, ಕೂತಳು. ಸಾಕ್ಷಿಗೆ ಒಬ್ಬರು ಬೇಕೆಂದು ಆಫೀಸರು ಬೀದಿಯಲ್ಲಿ ಕೇಳಿದರೆ ಬಾಗಿಲುಗಳೆಲ್ಲ ಮುಚ್ಚಿಕೊಂಡವು. ನಾನು ಹೋದೆ. ಆಕೆಯ ಮೇಲಿನ ಪ್ರೀತಿಗಲ್ಲ. ನನ್ನ ಕಂಬಳಿ ಅಲ್ಲಿತ್ತು.

ಆಕೆ ಕನ್ನಡದಲ್ಲೇ ಹೇಳಿದಳು. "ಸೀರೆ ಕೊಟ್ಟಿದ್ವಿ. ಎಲ್ರೂ ಕೊಟ್ಟಿದ್ರು. ನಮ್ ಮನ್ಯಾಗೇ ಇದ್ವು. ಅವ್ನೇ ಬಂದು ಆಟೋದಾಗೆ ತುಂಬ್ಕಂಡು ಹೋದ. ಆವತ್ತು ನಿಮಗೆ ಸುಳ್ಳು ಹೇಳ್ದೆ. ಇವತ್ತು ಕಂಬ್ಳಿ ಮೇಲೆ ಕೂತೀನಿ." ಬಿಡಿಸಿ ಬಿಡಿಸಿ ಹೇಳಿದಳು, ಲಾಳಿ ದಾಟಿಸುವ ಹಾಗೆ, ಅವಸರವಿಲ್ಲದೆ. ಗಂಡ ತಲೆ ತಗ್ಗಿಸಿ ಮಗ್ಗದಲ್ಲಿ ಕೂತಿದ್ದ. ಕಡೆಗೆ ಆಕೆ ಸಹಿ ಹಾಕಿದಳು. ನಾನೂ ಹಾಕಿದೆ. ಮುಪ್ಪಿನಲ್ಲಿ ಕಲಿತ ಅಕ್ಷರ, ಸೊಟ್ಟಗೆ ಬಂತು.

ಈಗ ತಿಳಿಯುತ್ತದೆ ಎಂದುಕೊಂಡೆ. ಊರು ಪ್ರೀತಿ ಮಾಡುವುದು ನಿಂತರೆ ಹೇಗಿರುತ್ತದೆ ಎನ್ನುವುದು ಆಕೆಗೂ ತಿಳಿಯಲಿ. ಹೌದು, ಹಾಗೇ ಅಂದುಕೊಂಡೆ.

ಸ್ವಲ್ಪ ದಿನ ಹುಡುಗರು ಹಾಸು ಹಿಡಿಯಲು ಬರಲಿಲ್ಲ. ಗಂಡ ಒಂದು ತುದಿ, ಆಕೆ ಒಂದು ತುದಿ, ನಡುವೆ ಹಾಸು ಜೋತು ಬೀಳುತ್ತಿತ್ತು. ಶಾಮಿಯಾನದ ಕೆಳಗೆ ಕುರ್ಚಿ ಖಾಲಿ. ಮುಖವೆಲ್ಲ ನಗುತ್ತಿದ್ದವಳ ಮುಖ ಚಿಕ್ಕದಾಯಿತು. ಆಮೇಲೆ ಒಂದು ಬೆಳಿಗ್ಗೆ ಬಂದರು, ಎಲ್ಲರೂ, ಏನೂ ಆಗಿಲ್ಲವೆನ್ನುವ ಹಾಗೆ.

"ಪಿನ್ನಿ, ನಿನ್ ತಪ್ಪಿಲ್ಲ ಬಿಡು. ಆ ಆಫೀಸರ್ ತಾನೇ ಬರ್ಕಂಡು ನಿನ್ನತ್ರ ಸಹಿ ಹಾಕಿಸ್ಕಂಡಾನೆ. ನಿನ್ಗೇನ್ ಗೊತ್ತಾಗುತ್ತೆ ಪಾಪ."

ಆಕೆ ಸುಮ್ಮನಿದ್ದಿದ್ದರೆ ಮುಗಿಯುತ್ತಿತ್ತು. ಕುರ್ಚಿ, ಶಾಮಿಯಾನ, ಎಲ್ಲ ವಾಪಸ್. "ಇಲ್ರೋ. ನಾನೇ ಹೇಳಿದ್ದು. ನನ್ ಬಾಯಾಗೇ ಹೇಳಿದ್ದು" ಅಂದಳು.

"ಹೂಂ ಹೂಂ, ನೀನೇ ಹೇಳಿದ್ದು. ತುದಿ ಯಾವ್ ಕಡೆ ಹಿಡೀಬೇಕು ಅದನ್ ಹೇಳು" ಎಂದು ನಕ್ಕರು.

ಅದು ಹಾಗೇ ನಡೆಯಿತು. ಆಕೆ ನಾನೇ ಹೇಳಿದ್ದು ಅನ್ನುತ್ತಿದ್ದಳು, ಅವರು ನಗುತ್ತಿದ್ದರು. ಗೋಲು ಯಾವ ಕಡೆ ಎಂದು ತಿಳಿಯದವಳ ಇನ್ನೊಂದು ತಮಾಷೆ ಎಂದುಕೊಂಡರು. ಆಕೆಗೆ ಸಿಟ್ಟು ಬರುತ್ತಿತ್ತು. ಒಂದು ಸಲ ನನ್ನ ಜಗಲಿಗೆ ಬಂದು ಕೂತು, "ಬೈದಿದ್ರೆ ತಡ್ಕತಿದ್ದೆ ಅಕ್ಕ. ನಂಬ್ತಾನೇ ಇಲ್ವಲ್ಲ" ಅಂದಳು. ನಾನು ಸಮಾಧಾನ ಹೇಳಲಿಲ್ಲ. ನನ್ನನ್ನು ಯಾರಾದರೂ ಹಾಗೆ ನಂಬದೆ ಪ್ರೀತಿ ಮಾಡಿದ್ದರೆ ಸಾಕಿತ್ತು ನನಗೆ.

ಮಳೆಗಾಲಕ್ಕೆ ಮುಂಚೆ ಆಕೆಗೆ ಜ್ವರ ಬಂತು, ಹೋಗಲಿಲ್ಲ. ಕೇಸು ಚಳ್ಳಕೆರೆ ಕೋರ್ಟಿಗೆ ಬಂದಾಗ ಆಕೆ ಇರಲಿಲ್ಲ. ಅಲ್ಲಿ ನಮಗೆಲ್ಲಿ ನ್ಯಾಯ ಸಿಗುತ್ತದೆ, ಅವರೂರಲ್ಲೇ ಕೋರ್ಟು ಎಂದು ಹುಡುಗರು ಹೇಳಿಕೊಂಡು ತಿರುಗಿದರು. ಸಾಕ್ಷಿ ಎಂದು ಉಳಿದವಳು ನಾನೊಬ್ಬಳು.

ಕಾರ್ಯದರ್ಶಿ ಬಾಳೆಹಣ್ಣು ಹಿಡಿದುಕೊಂಡು ಮನೆಗೆ ಬಂದ. ಹಿಂದೆ ನಾಲ್ಕಾರು ಹುಡುಗರು. ಅಜ್ಜಿ ಅನ್ನುತ್ತಿದ್ದವನು ಅವತ್ತು ಅವ್ವ ಅಂದ.

"ಅವ್ವ, ಪಿನ್ನಿಗೆ ಕನ್ನಡ ಬರ್ತಿರ್ಲಿಲ್ಲ ಅಂತ ಹೇಳ್ಬಿಡ್ರಿ. ಆಫೀಸರಿಗೆ ಆಕಿನೇ ಹಂಗಂದಿದ್ದು ಊರೆಲ್ಲ ಕೇಳೈತೆ. ಕಾಗದ ಇರೋದು ಕನ್ನಡದಾಗೆ. ಅಷ್ಟು ಹೇಳಿದ್ರೆ ಸಾಕು, ಕೇಸ್ ಬಿತ್ತು. ಸತ್ತೋರಿಗೆ ಏನ್ ನಷ್ಟ?"

ಒಬ್ಬ ಹುಡುಗ, ಶೇಂಗಾ ತಿನ್ನುತ್ತಾ ನನ್ನ ತವರು ಎತ್ತಿದ್ದವನೇ, ನೆಲದ ಮೇಲೆ ಕೂತು ನನ್ನ ಮೊಣಕಾಲು ಹಿಡಿದುಕೊಂಡ. "ಅವ್ವ, ಕ್ಲಬ್ ಉಳಿಸ್ರಿ. ಮುಂದಿನ ಟೂರ್ನಮೆಂಟಿಗೆ ಮೊದ್ಲ ಚೆಂಡು ಒದೆಯೋದು ನೀವೇ. ಕುರ್ಚಿ ನಿಮ್ದೇ."

ಸುಳ್ಳೇನು ಹೇಳಲಿ, ಚೆನ್ನಾಗಿತ್ತು. ನನ್ನ ಅಂಗಳದಲ್ಲಿ ಅಷ್ಟು ಜನ ಹುಡುಗರು ಯಾವತ್ತೂ ಕೂತಿರಲಿಲ್ಲ. ಎಲ್ಲರಿಗೂ ಚಹಾ ಮಾಡಿಕೊಟ್ಟೆ.

ಚಳ್ಳಕೆರೆಯಲ್ಲಿ ಕಟಕಟೆಯಲ್ಲಿ ನಿಲ್ಲಿಸಿದರು. ಹುಡುಗರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಕ್ಲಬ್ಬಿನ ವಕೀಲರು ಸಣ್ಣಗೆ ನಗುತ್ತಾ ಕೇಳಿದರು.

"ಅಜ್ಜಿ, ತೀರಿಕೊಂಡ ಆ ಹೆಂಗಸಿಗೆ ಕನ್ನಡ ಬರುತ್ತಿತ್ತೇ?"

ನಾನು ಹುಡುಗರ ಕಡೆ ನೋಡಿದೆ. ಗೋಲು ಕಾಯುವವನು ಕೈಮುಗಿದು ಕೂತಿದ್ದ.

"ಬರ್ತಿತ್ತು. ನನಗಿಂತ ಚೆನ್ನಾಗಿ" ಅಂದೆ. "ಕನ್ನಡದಾಗೇ ಹೇಳಿದ್ಲು. ಕಂಬ್ಳಿ ಮೇಲೆ ಕೂತು ಹೇಳಿದ್ಲು. ಸೀರೆ ಒಯ್ದಿದ್ದು ನಾನೂ ನೋಡೀನಿ."

ವಕೀಲರ ನಗು ಹೋಯಿತು. "ನೀವು ಆಕೆಯ ಗೆಳತಿ. ಗೆಳತಿಯ ಮಾತು ಉಳಿಸಲು ಹೀಗೆ ಹೇಳುತ್ತಿದ್ದೀರಿ."

"ಗೆಳತಿ ಅಲ್ಲ ಸ್ವಾಮಿ. ಆಕಿನ ಕಂಡ್ರೆ ನನಗೆ ಆಗ್ತಿರ್ಲಿಲ್ಲ. ಹೊಟ್ಟೆಕಿಚ್ಚು."

ಹಿಂದೆ ಯಾರೋ ನಕ್ಕರು. ಜಡ್ಜ್ ಸಾಹೇಬರು ತಲೆ ಎತ್ತಿ ನನ್ನನ್ನು ನೋಡಿದರು. "ಹಾಗಿದ್ದ ಮೇಲೆ ನಿಮ್ಮ ಮಾತನ್ನು ಹೇಗೆ ನಂಬುವುದಮ್ಮ?" ಎಂದು ಅವರೇ ಕೇಳಿದರು.

"ಅದ್ಕೇ ನಂಬ್ರಿ. ಪ್ರೀತಿ ಮಾಡೋರು ಆಕಿ ಹೇಳಿದ್ದು ಒಂದೂ ಕೇಳಿಸ್ಕಳ್ಳಿಲ್ಲ. ನಾನು ಇಷ್ಟು ವರ್ಷ ಗೋಡೆಯಾಚೆ ಕೂತು ಆಕಿದು ಒಂದು ಮಾತೂ ಬಿಟ್ಟಿಲ್ಲ."

ಇಳಿದು ಬಂದೆ. ಆಕೆ ಕಷ್ಟಪಟ್ಟು ಹೇಳಿದ ಮಾತು ಅದೊಂದೇ. ಅದನ್ನು ಯಾವನೋ ಆಫೀಸರ ಹೆಸರಿಗೆ ಬರೆಸಿ, ನಾನು ಆಕೆಯ ಕುರ್ಚಿಯಲ್ಲಿ ಕೂರುವುದು ನನ್ನಿಂದ ಆಗಲಿಲ್ಲ. ಕೂತರೂ ಅದು ಆಕೆಯ ಕುರ್ಚಿಯೇ ಆಗಿರುತ್ತಿತ್ತು.

ತೀರ್ಪು ಇನ್ನೂ ಬಂದಿಲ್ಲ. ಸಂಜೆಯ ಬಸ್ಸಿಗೆ ನಾನೂ ಹತ್ತಿದೆ, ಹುಡುಗರೂ ಹತ್ತಿದರು. ಸೀಟುಗಳಲ್ಲೆಲ್ಲ ಅವರೇ ಕೂತರು. ಯಾರೂ ಬೈಯಲಿಲ್ಲ, ಎಲ್ಲರೂ ಕಿಟಕಿಯಾಚೆ ನೋಡಿದರು. ಬಸ್ಸು ತಳಕು ದಾಟಿತು. ನಾನು ಕಂಬಿ ಹಿಡಿದು ನಿಂತೇ ಇದ್ದೆ. ಆಕೆ ಹೇಳಿದ ಮಾತನ್ನೇ ನಾನೂ ಹೇಳಿದ್ದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಆಕೆಯಾಗಿದ್ದರೆ ಎದ್ದು ಸೀಟು ಬಿಡುತ್ತಿದ್ದರು.